ಕ್ರಾಸ್‌ನಲ್ಲಿ ಇಳಿಯುವ ರೇಷ್ಮೆ: ನನ್ನ ಅನುಭವ

ಬೆಂಗಳೂರಿನ ಯಾವ ಲೇಡೀಸ್ ಟೈಲರ್ ಹತ್ತಿರ ಹೋದರೂ ಕ್ರಾಸ್ ಕಟ್ ಬ್ಲೌಸ್ ಅಂದರೆ ಗೊತ್ತು. ಬ್ಲೌಸಿನ ಮುಂಭಾಗವನ್ನು ಬಟ್ಟೆಯ ಉದ್ದಕ್ಕೆ ನೇರವಾಗಿ ಇಡದೆ, ಓರೆಯಾಗಿ ಇಟ್ಟು ಕತ್ತರಿಸುತ್ತಾರೆ. ಹಾಗೆ ಕತ್ತರಿಸಿದ ಬಟ್ಟೆ ಸ್ವಲ್ಪ ಹಿಗ್ಗುತ್ತದೆ, ಮೈಗೆ ಚೆನ್ನಾಗಿ ಕೂರುತ್ತದೆ. ನಾನು ಹೊಲಿಗೆ ಕಲಿತದ್ದೇ ಈ ಬ್ಲೌಸಿನಿಂದ, ಮೈಸೂರಿನಲ್ಲಿ, ನಮ್ಮ ಚಿಕ್ಕಮ್ಮನ ಮೆಷಿನ್ ಮೇಲೆ. ಆಮೇಲೆ ಫ್ಯಾಷನ್ ಡಿಸೈನ್ ಓದಿದೆ. ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯ ಸ್ಯಾಂಪ್ಲಿಂಗ್ ವಿಭಾಗದಲ್ಲಿ ಕೆಲಸ ಮಾಡಿದೆ. ಈಗ ಜಯನಗರದಲ್ಲಿ ನನ್ನದೇ ಚಿಕ್ಕ ವರ್ಕ್‌ಶಾಪ್ ಇದೆ. ಒಬ್ಬೊಬ್ಬರ ಅಳತೆಗೂ ಬೇರೆಯಾಗಿ ಕತ್ತರಿಸಿ, ಮೈಸೂರು ಕ್ರೇಪ್ ರೇಷ್ಮೆಯಲ್ಲಿ ಗೌನ್ ಹೊಲಿಯುತ್ತೇನೆ.

ಈ ದಾರಿಗೆ ನನ್ನನ್ನು ತಂದವರು ಪ್ಯಾರಿಸ್ಸಿನ ಫ್ಯಾಷನ್ ಡಿಸೈನರ್ ಮ್ಯಾಡ್ಲೆನ್ ವಿಯೊನೆ. ಕಾಲೇಜಿನಲ್ಲಿ ಅವರ ಬಗ್ಗೆ ಒಂದು ಪಾಠ ಇತ್ತು, ಅಷ್ಟೇ. ನನಗೆ ಮಾತ್ರ ಅದು ತಲೆಯಿಂದ ಹೋಗಲೇ ಇಲ್ಲ. ನಾವು ಬ್ಲೌಸಿನ ಮುಂಭಾಗಕ್ಕೆ ಮಾಡುವುದನ್ನು ಈಕೆ ಇಡೀ ಗೌನಿಗೇ ಮಾಡಿದ್ದರು! 1876ರಲ್ಲಿ ಹುಟ್ಟಿದ ಬಡವರ ಮನೆ ಮಗಳು. ಶಾಲೆ ಬಿಟ್ಟು ಹೊಲಿಗೆಗೆ ಸೇರಿದಾಗ ಇನ್ನೂ ಚಿಕ್ಕ ಹುಡುಗಿ. ಲಂಡನ್ನಿನಲ್ಲಿ ಕೆಲಸ ಮಾಡಿ, ಪ್ಯಾರಿಸ್ಸಿಗೆ ವಾಪಸ್ ಬಂದು ಕಾಲೊ ಸಹೋದರಿಯರ ಹತ್ತಿರ, ಆಮೇಲೆ ಜಾಕ್ ದುಸೆ ಹತ್ತಿರ ದುಡಿದರು. 1912ರಲ್ಲಿ ಸ್ವಂತ ಫ್ಯಾಷನ್ ಸಂಸ್ಥೆ ತೆರೆದರು. ಮಹಾಯುದ್ಧ ಬಂದು ಅದು ಮುಚ್ಚಿತು, ಮತ್ತೆ ತೆರೆದರು. 1923ರಲ್ಲಿ ಪ್ಯಾರಿಸ್ಸಿನ ಮೊಂತೇನ್ ಅವೆನ್ಯೂ ಅನ್ನುವ ರಸ್ತೆಗೆ ಬಂದರು. 1939ರಲ್ಲಿ ಪೂರ್ತಿ ನಿಲ್ಲಿಸಿದರು. ಆಮೇಲೂ ಬಹಳ ಕಾಲ ಬದುಕಿದ್ದರು, 1975ರವರೆಗೆ.

ಅದೇ 1912ರಲ್ಲೇ ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಮಗ್ಗಗಳು ಸ್ವಿಟ್ಜರ್ಲೆಂಡ್‌ನಿಂದ ಬಂದವು. ಈ ಎರಡಕ್ಕೂ ಒಂದಕ್ಕೊಂದು ಸಂಬಂಧವೇನೂ ಇಲ್ಲ. ಆದರೆ ವಿಯೊನೆಗೆ ತುಂಬಾ ಇಷ್ಟವಾದ ಬಟ್ಟೆ ಕ್ರೇಪ್ ರೇಷ್ಮೆ, ನಮ್ಮ ಕಾರ್ಖಾನೆಗೆ ಹೆಸರು ತಂದದ್ದೂ ಕ್ರೇಪ್ ರೇಷ್ಮೆ. ನನಗೆ ಅಷ್ಟು ಸಾಕಾಗಿತ್ತು.

ವಿಯೊನೆ ಕಾಗದದ ಮೇಲೆ ಚಿತ್ರ ಬಿಡಿಸಿ ಡಿಸೈನ್ ಮಾಡಿದವರಲ್ಲ. ಸುಮಾರು ಅರ್ಧ ಅಳತೆಯ ಮರದ ಗೊಂಬೆ ಇಟ್ಟುಕೊಂಡು, ಅದರ ಮೇಲೆ ಬಟ್ಟೆ ಹೊದಿಸಿ, ಪಿನ್ ಚುಚ್ಚಿ, ಅಲ್ಲೇ ಕತ್ತರಿಸುತ್ತಿದ್ದರು. ನಾನೂ ಒಬ್ಬ ಬಡಗಿ ಹತ್ತಿರ ಅಂಥದ್ದೊಂದು ಮಾಡಿಸಿಕೊಂಡೆ. ನನ್ನ ಪ್ರಕಾರ ಈ ಕೆಲಸ ಕಲಿಯುವವರು ಮೊದಲು ಮಾಡಬೇಕಾದ ಖರ್ಚು ಇದೇ. ಕಂಪ್ಯೂಟರ್ ಸಾಫ್ಟ್‌ವೇರ್ ಆಮೇಲೆ ನೋಡಿಕೊಳ್ಳಬಹುದು. ಚಿಕ್ಕ ಗೊಂಬೆಗೆ ಬಟ್ಟೆ ಕಮ್ಮಿ ಸಾಕು, ಹಾಗಾಗಿ ಕತ್ತರಿ ಹಾಕಲು ಕೈ ಹೆದರಲ್ಲ.

ಆ ಗೊಂಬೆಯ ಮೇಲೆ ನಾನು ಮೊದಲು ಕಟ್ಟಿದ್ದು ನಾಲ್ಕು ಚೌಕದ ಡ್ರೆಸ್. ವಿಯೊನೆ ಅದನ್ನು 1920ರ ಆಸುಪಾಸಿನಲ್ಲಿ ಮಾಡಿದ್ದರು. ಮುಂದೆ ಎರಡು ಚೌಕ, ಹಿಂದೆ ಎರಡು. ಪ್ರತಿ ಚೌಕದ ಒಂದು ಮೂಲೆಯನ್ನು ಭುಜಕ್ಕೆ ಸಿಕ್ಕಿಸಿ ಇಳಿಬಿಡಬೇಕು. ಮೂಲೆ ಹಿಡಿದರೆ ಚೌಕ ಓರೆಯಾಗಿ ನೇತಾಡುತ್ತದೆ ಅಲ್ವಾ? ಆಗ ಬಟ್ಟೆಯ ಹಾಸೂ (ಉದ್ದದ ಎಳೆ) ಮೇಲಿಂದ ಕೆಳಕ್ಕೆ ಇರಲ್ಲ, ಹೊಕ್ಕೂ (ಅಡ್ಡ ಎಳೆ) ಇರಲ್ಲ. ಭಾರವೆಲ್ಲ ಕರ್ಣದ ಗುಂಟ ಇಳಿಯುತ್ತದೆ. ಡಾರ್ಟ್ (ಮೈಗೆ ಕೂರಲು ಮಡಚಿ ಹಾಕುವ ಹೊಲಿಗೆ) ಇಲ್ಲ, ಸೊಂಟಕ್ಕೆ ಬಿಗಿ ಇಲ್ಲ. ಬಟ್ಟೆ ತಾನಾಗೇ ಎದೆ ಹತ್ತಿರ ಹಿಗ್ಗಿ, ಸೊಂಟದ ಹತ್ತಿರ ಒಳಕ್ಕೆ ಬಂದು, ಕೆಳಗೆ ನಾಲ್ಕು ಮೂಲೆ ನೆರಿಗೆಯಾಗಿ ಬೀಳುತ್ತದೆ. ಇದನ್ನು ಕೈಯಾರೆ ಒಮ್ಮೆ ಮಾಡಿ ನೋಡಿದವರಿಗೆ ಪುಸ್ತಕದ ವಿವರಣೆ ಬೇಕಾಗಲ್ಲ.

ದೊಡ್ಡ ಅಳತೆಗೆ ಬಂದಾಗ ಮೊದಲ ಕಷ್ಟ ಬಟ್ಟೆಯ ಅಗಲ. ವಿಯೊನೆ ಮಾಮೂಲಿಗಿಂತ ತುಂಬಾ ಅಗಲದ ಕ್ರೇಪ್ ನೇಯಿಸಿ ತರಿಸಿಕೊಳ್ಳುತ್ತಿದ್ದರು. ನಮಗೆ ಸಿಗುವುದು 44 ಇಂಚು. ಅದರಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ 45 ಡಿಗ್ರಿಯಲ್ಲಿ ಗೆರೆ ಎಳೆದರೆ 62 ಇಂಚು ಬರುತ್ತದೆ. ಭುಜದಿಂದ ನೆಲದವರೆಗೆ 56-58 ಇಂಚು ಬೇಕು ಅಂದರೆ, ಉದ್ದ ಸಿಗುತ್ತದೆ, ಅಗಲ ಸಿಗಲ್ಲ. ಜೋಡಿಸಲೇಬೇಕು. ನಾನು ಜೋಡಣೆಯನ್ನು ಬಟ್ಟೆಯ ಅಂಚಿಗೆ ಸಮನಾಗಿ ಹಾಕುತ್ತೇನೆ. ಆಗ ಹೊಲಿಗೆ ಗೌನಿನ ಮೇಲೆ ಓರೆ ಗೆರೆಯಾಗಿ ಸುತ್ತಿ ಬರುತ್ತದೆ. ಅದನ್ನು ಮುಚ್ಚಿಡುವ ಬದಲು ಡಿಸೈನಿನ ಭಾಗ ಮಾಡಿಕೊಂಡಿದ್ದೇನೆ.

ಎರಡನೆಯದು ಹುರಿ, ಅಂದರೆ ನೂಲನ್ನು ತಿರುಚುವುದು. ಕ್ರೇಪಿನ ನೂಲಿಗೆ ವಿಪರೀತ ಹುರಿ ಕೊಟ್ಟಿರುತ್ತಾರೆ. ಆ ಸಣ್ಣ ಸುಕ್ಕು, ಆ ಇಳಿತ ಎಲ್ಲ ಬರುವುದು ಅದರಿಂದಲೇ. ಹಾಗಾಗಿ ಇದು ಕೋರಾ ಕಾಟನ್ ಥರ ಹೇಳಿದ ಮಾತು ಕೇಳಲ್ಲ. ಗೌನಿನ ಎಡಗಡೆ ಪೀಸಿನ ಓರೆ ಯಾವ ದಿಕ್ಕಿಗಿದೆಯೋ, ಬಲಗಡೆಯದು ಅದಕ್ಕೆ ಎದುರು ದಿಕ್ಕಿಗಿರಬೇಕು. ಎರಡನ್ನೂ ಒಂದೇ ದಿಕ್ಕಿಗೆ ಕತ್ತರಿಸಿದರೆ ನಡೆಯುತ್ತಾ ನಡೆಯುತ್ತಾ ಗೌನ್ ಕಾಲಿನ ಸುತ್ತ ತಿರುಗಿಕೊಳ್ಳುತ್ತದೆ. ಬಟ್ಟೆಯನ್ನು ಎರಡು ಮಡಿಕೆ ಮಾಡಿ ಒಟ್ಟಿಗೆ ಕತ್ತರಿಸುವುದೂ ಬೇಡ, ಕೆಳಗಿನ ಮಡಿಕೆ ಜಾರುತ್ತದೆ. ಒಂದೇ ಪದರ ಹಾಸಿ, ಅಡಿಯಲ್ಲಿ ತೆಳು ಕಾಗದ ಇಟ್ಟು, ಕಾಗದ ಸಮೇತ ಕತ್ತರಿಸುತ್ತೇವೆ. ನಮ್ಮ ಮಾಸ್ಟ್ರಿಗೆ ಮೊದಲು ಇದು ಇಷ್ಟ ಇರಲಿಲ್ಲ. "ಮೇಡಂ, ಹಿಂಗೆ ಒಂದೊಂದೇ ಪೀಸ್ ಕತ್ತರಿಸಿದ್ರೆ ಅಂಗಡಿ ನಡೆಯುತ್ತಾ?" ಅನ್ನುತ್ತಿದ್ದರು. ಈಗ ಹೊಸಬರು ಮಡಿಕೆ ಮಾಡಿದರೆ ಬೈಯುವವರು ಅವರೇ.

ಎಲ್ಲಕ್ಕಿಂತ ಮುಖ್ಯವಾದದ್ದು ನೇತುಹಾಕುವುದು. ಪೀಸುಗಳನ್ನು ಕಚ್ಚಾ ಹೊಲಿಗೆಯಲ್ಲಿ ಜೋಡಿಸಿ, ಗೊಂಬೆಗೆ ತೊಡಿಸಿ, ಕಮ್ಮಿ ಅಂದರೂ ಎರಡು ರಾತ್ರಿ ಮುಟ್ಟದೆ ಬಿಡುತ್ತೇನೆ. ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಒಂದೂವರೆ ಇಂಚು. ಉದ್ದ ಬೆಳೆದಷ್ಟು ಅಗಲ ಕಮ್ಮಿಯಾಗುತ್ತದೆ, ಅದಕ್ಕೇ ಪಕ್ಕದ ಹೊಲಿಗೆಗೆ ಒಂದೂವರೆ ಇಂಚು ಜಾಸ್ತಿ ಬಿಟ್ಟಿರುತ್ತೇವೆ. ಇಳಿದು ಮುಗಿದ ಮೇಲೆ ಗಿರಾಕಿಯನ್ನು ಕರೆಸಿ, ಅವರು ತೊಡುವ ಚಪ್ಪಲಿಯಲ್ಲೇ ನಿಲ್ಲಿಸಿ, ನೆಲದಿಂದ ಸ್ಕೇಲ್ ಹಿಡಿದು ಅಂಚು ಗುರುತು ಮಾಡುತ್ತೇನೆ. ಕತ್ತು, ಭುಜ ಹಿಗ್ಗಬಾರದು, ಅಲ್ಲಿಗೆ ನೇರ ಎಳೆಯ ಆರ್ಗಾಂಜಾ (ತೆಳುವಾದ, ಬಿರುಸಾದ ಬಟ್ಟೆ) ಪಟ್ಟಿ ಒಳಗೆ ಕೊಡುತ್ತೇವೆ. ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜುವ ಹಾಗಿಲ್ಲ, ಇಟ್ಟು ಎತ್ತಬೇಕು.

ಜರಿ ಬಾರ್ಡರ್ ವಿಷಯ ಎಲ್ಲರೂ ಕೇಳುತ್ತಾರೆ. ಅಜ್ಜಿಯ ಮೈಸೂರು ಸಿಲ್ಕ್ ಸೀರೆ ತಂದು ಗೌನ್ ಮಾಡಿಕೊಡಿ ಅನ್ನುವವರು ಬಹಳ. ಜರಿ ಹಿಗ್ಗಲ್ಲ. ಬಾರ್ಡರ್ ಸಮೇತ ಓರೆ ಕತ್ತರಿಸಿದರೆ ಒಂದು ಕಡೆ ಬಟ್ಟೆ ಇಳಿದು, ಜರಿ ಇರುವ ಕಡೆ ಎಳೆದು ನಿಂತುಬಿಡುತ್ತದೆ. ನಾನು ಬಾರ್ಡರ್ ಬಿಚ್ಚಿ ಸೊಂಟದ ಪಟ್ಟಿಗೋ ಭುಜಕ್ಕೋ ನೇರವಾಗಿ ಬಳಸುತ್ತೇನೆ. ಸೀರೆ ಇನ್ನೂ ಗಟ್ಟಿಯಾಗಿದ್ದರೆ ಮಾತ್ರ ಕತ್ತರಿಸಲು ಒಪ್ಪಲ್ಲ. ಉಟ್ಟುಕೊಳ್ಳಿ ಅನ್ನುತ್ತೇನೆ.

ಇಂಥ ಕೆಲಸಕ್ಕೆ ಓಟ್ ಕುಟೂರ್ (ಫ್ರಾನ್ಸಿನ ಅತಿ ಉನ್ನತ ದರ್ಜೆಯ ಫ್ಯಾಷನ್ ಹೊಲಿಗೆ) ಅಂತ ಬೋರ್ಡ್ ಹಾಕಬಹುದಲ್ಲ ಅಂತ ಗೆಳತಿಯರು ಹೇಳುತ್ತಾರೆ. ನಾನು ಹಾಕಿಲ್ಲ. ಫ್ರಾನ್ಸಿನಲ್ಲಿ 1945ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಗಿರಾಕಿಯ ಅಳತೆಗೇ ಹೊಲಿಯಬೇಕು, ಪ್ಯಾರಿಸ್ಸಿನಲ್ಲಿ ಕಾಯಂ ಕೆಲಸಗಾರರಿರುವ ವರ್ಕ್‌ಶಾಪ್ ಇರಬೇಕು, ವರ್ಷಕ್ಕೆ ಎರಡು ಸಲ ಹೊಸ ಸಂಗ್ರಹ ತೋರಿಸಬೇಕು. ನಮ್ಮ ದೇಶದ ಡಿಸೈನರ್ ರಾಹುಲ್ ಮಿಶ್ರಾ 2020ರ ಜನವರಿಯಲ್ಲಿ ಪ್ಯಾರಿಸ್ಸಿನ ಓಟ್ ಕುಟೂರ್ ವೀಕ್‌ನಲ್ಲಿ ಸಂಗ್ರಹ ತೋರಿಸಿದಾಗ ನಮ್ಮ ವರ್ಕ್‌ಶಾಪಿನಲ್ಲಿ ಎಲ್ಲರೂ ಫೋನಿನ ಸುತ್ತ ಕೂತು ನೋಡಿದ್ದೆವು. ಭಾರತದಿಂದ ಅವರೇ ಮೊದಲಿಗರು. ಹೊಳೆದದ್ದು ಅವರ ಕಸೂತಿ ಕೆಲಸಗಾರರ ಕೈ. ಆ ಖುಷಿಯೇ ಬೇರೆ.

ನಮ್ಮಲ್ಲಿ ಮದುವೆ ಗೌನ್ ಅಂದರೆ ಮೈತುಂಬಾ ವರ್ಕ್ ಇರಲೇಬೇಕು ಅನ್ನುವ ಭಾವನೆ ಗಟ್ಟಿಯಾಗಿದೆ. ಮಗಳಿಗೆ ಟ್ರಯಲ್ ತೊಡಿಸಿದಾಗ ತಾಯಿ ಕೇಳುವ ಮೊದಲ ಪ್ರಶ್ನೆ ಗೊತ್ತೇ ಇರುತ್ತದೆ.

"ಅಲ್ಲಮ್ಮ, ಇಷ್ಟು ದುಡ್ಡು ಕೊಟ್ಟು ಆರಿ ವರ್ಕ್ ಒಂಚೂರೂ ಇಲ್ವಾ?"

"ಅಮ್ಮ, ಒಂದು ಸಲ ನಡೀಲಿ, ನೋಡಿ" ಅನ್ನುತ್ತೇನೆ.

ಮಗಳು ಹಾಲ್‌ನಲ್ಲಿ ಆ ಕಡೆಯಿಂದ ಈ ಕಡೆಗೆ ಬರುತ್ತಾಳೆ. ಕೆಲವು ತಾಯಂದಿರು ಒಪ್ಪುತ್ತಾರೆ, ಕೆಲವರು ಬೇರೆ ಕಡೆ ಹೋಗುತ್ತಾರೆ. ಆರಿ ವರ್ಕ್ ಬಗ್ಗೆ ನನಗೆ ಗೌರವ ಇದೆ. ಆದರೆ ಕೆಟ್ಟ ಕಟಿಂಗ್ ಮುಚ್ಚಲು ಅದನ್ನು ಬಳಸುವುದು ಆ ಕೆಲಸಗಾರನಿಗೇ ಅವಮಾನ ಅಂತ ನನ್ನ ಗಟ್ಟಿ ಅಭಿಪ್ರಾಯ. ಮದುವೆ ಸೀಸನ್ನಿನಲ್ಲಿ ನಾನು ಆರ್ಡರ್ ಕಮ್ಮಿ ತಗೊಳ್ಳುತ್ತೇನೆ, ಯಾಕಂದರೆ ನೇತುಹಾಕುವ ಎರಡು ರಾತ್ರಿಯನ್ನು ಯಾರಿಗೋಸ್ಕರವೂ ಬಿಡಲಾಗಲ್ಲ. ಹೊಸ ಪ್ರಯೋಗವೆಲ್ಲ ಆಷಾಢದಲ್ಲಿ. ಆಗ ಮದುವೆ ಇರಲ್ಲ, ಟೇಬಲ್ ಖಾಲಿ ಇರುತ್ತದೆ.

ವಿಯೊನೆಯಿಂದ ಕಟಿಂಗ್ ಜೊತೆ ಇನ್ನೊಂದು ವಿಷಯವನ್ನೂ ತಗೊಂಡೆ. ಚಿಕ್ಕಂದಿನಿಂದ ಹೊಲಿದು ಬೆಳೆದವರಲ್ಲವಾ, ಹೊಲಿಯುವವರ ಕಷ್ಟ ಗೊತ್ತಿತ್ತು. ತಮ್ಮಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಊಟದ ಕ್ಯಾಂಟೀನ್, ವೈದ್ಯರು, ಹಲ್ಲಿನ ಡಾಕ್ಟರ್, ಕೂಸುಗಳನ್ನು ನೋಡಿಕೊಳ್ಳುವ ಜಾಗ ಎಲ್ಲ ಮಾಡಿಸಿದ್ದರು. ಫ್ರಾನ್ಸಿನಲ್ಲಿ ಸಂಬಳದ ರಜೆ ಕಾನೂನಾದದ್ದು 1936ರಲ್ಲಿ. ವಿಯೊನೆ ಅದಕ್ಕೂ ಮೊದಲೇ ಕೊಡುತ್ತಿದ್ದರು. ನನ್ನ ಕೈಲಿ ಅಷ್ಟೆಲ್ಲ ಆಗಲ್ಲ. ಆದರೆ ಕ್ರೇಪ್ ಗೌನಿನ ಅಂಚನ್ನು ಬೆರಳಲ್ಲಿ ಸುರುಳಿ ಸುತ್ತುತ್ತಾ ಕೈಯಲ್ಲೇ ಹೆಮ್ಮಿಂಗ್ ಮಾಡಲು ದಿನಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಪೀಸ್ ರೇಟ್ ಕೊಟ್ಟರೆ ಯಾರಾದರೂ ಅವಸರ ಮಾಡಲೇಬೇಕಾಗುತ್ತದೆ. ಹಾಗಾಗಿ ನಮ್ಮಲ್ಲಿ ಹೆಮ್ಮಿಂಗ್ ಮಾಡುವವರಿಗೂ ತಿಂಗಳ ಸಂಬಳ, ಒರಗಿ ಕೂರುವ ಕುರ್ಚಿ, ಕಿಟಕಿ ಪಕ್ಕದ ಜಾಗ. ಗಿರಾಕಿಗೆ ಕೊಡುವ ಬಿಲ್ಲಿನಲ್ಲಿ ಕೈಕೆಲಸದ ಗಂಟೆಗಳನ್ನು ಬೇರೆ ಸಾಲಿನಲ್ಲೇ ಬರೆಯುತ್ತೇನೆ.