ಬೆಳಿಗ್ಗೆ ಪಶ್ಚಿಮಕ್ಕೆ, ಮಧ್ಯಾಹ್ನ ಪೂರ್ವಕ್ಕೆ: ನಾನು ಧಾರವಾಡ ತೋರಿಸುವ ರೀತಿ

ನಮ್ಮ ಮನೆಗೆ ಬರುವ ನೆಂಟರು, ಗೆಳೆಯರು ಬಸ್ಸಿನಿಂದ ಇಳಿಯುತ್ತಲೇ ಕೇಳುವುದು ಒಂದೇ, ಪೇಡೆ ಎಲ್ಲಿ ಸಿಗುತ್ತದೆ ಅಂತ. ಸಿಗುತ್ತದೆ, ಅವಸರ ಬೇಡ. ನಾನು ಯಾರನ್ನೂ ಮೊದಲು ಲೈನ್ ಬಜಾರಿಗೆ ಕರೆದುಕೊಂಡು ಹೋಗುವುದಿಲ್ಲ. ಪೇಡೆ ಡಬ್ಬಿ ಕಟ್ಟಿಸಿಕೊಂಡು ಹನ್ನೊಂದು ಗಂಟೆಗೇ ಹುಬ್ಬಳ್ಳಿ ಬಸ್ ಹತ್ತುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಇಷ್ಟು ದೂರ ಬಂದು ಊರನ್ನೇ ನೋಡದೆ ಹೋದರಲ್ಲ ಅಂತ.

ಧಾರವಾಡವನ್ನು ತೋರಿಸಲು ನಾನು ಇಟ್ಟುಕೊಂಡಿರುವ ಕ್ರಮ ಸರಳ. ಬೆಳಿಗ್ಗೆ ಊರಿನ ಪಶ್ಚಿಮ, ಮಧ್ಯಾಹ್ನ ಪೂರ್ವ, ಸಂಜೆಗೆ ನಡು ಊರು. ಇದಕ್ಕೆ ಕಾರಣವಿದೆ. ಈ ಊರು ಕೂತಿರುವುದೇ ಎರಡು ಸೀಮೆಗಳ ಗಡಿಯಲ್ಲಿ. ಪಶ್ಚಿಮಕ್ಕೆ ಹೊರಟರೆ ಕೆಂಪು ಮಣ್ಣು, ಮಾವಿನ ತೋಟ, ಕಲಘಟಗಿ ಅಳ್ನಾವರ ಕಡೆ ಭತ್ತದ ಗದ್ದೆ. ಪೂರ್ವಕ್ಕೆ ಹೊರಟರೆ ನವಲಗುಂದ ಅಣ್ಣಿಗೇರಿ ಕಡೆ ಕಣ್ಣು ಹಾಯಿಸಿದಷ್ಟು ದೂರ ಕಪ್ಪು ಮಣ್ಣಿನ ಎರೆ ಹೊಲ, ಜೋಳ, ಕಡಲೆ. ನೀರು ಕೂಡ ಇಲ್ಲಿ ಎರಡು ದಾರಿ ಹಿಡಿಯುತ್ತದೆ. ಊರಿನ ದಕ್ಷಿಣಕ್ಕೆ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲಾ ಬೇಡ್ತಿಯನ್ನು ಸೇರಿ, ಗಂಗಾವಳಿ ಅಂತ ಕರೆಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಆಚೆ ಮಗ್ಗುಲಿನ ತುಪ್ಪರಿಹಳ್ಳ, ಬೆಣ್ಣಿಹಳ್ಳದ ನೀರು ಮಲಪ್ರಭೆ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ. ಎರಡೂ ಕಡೆಯದು ನಮ್ಮ ಊರಿನ ತಾಟಿಗೆ ಬಂದು ಸೇರುತ್ತದೆ. ಇದನ್ನು ತಿಳಿದುಕೊಂಡು ತಿಂದರೆ ರುಚಿಯೇ ಬೇರೆ, ನಾನಂತೂ ಹಾಗೇ ನಂಬಿದ್ದೇನೆ.

ಹಾಗಾಗಿ ಬೆಳಿಗ್ಗೆ ಬೇಗ, ಬಿಸಿಲು ಏರುವ ಮುಂಚೆ, ಸಾಧನಕೇರಿ. ಬೇಂದ್ರೆಯವರು ಬಾಳಿದ ಜಾಗ. ಕೆರೆ, ಅದರ ಪಕ್ಕ ಉದ್ಯಾನ, ಹತ್ತಿರದಲ್ಲೇ ಬೇಂದ್ರೆ ಭವನ. ಭವನ ತೆರೆಯುವವರೆಗೆ ಕಾಯಬೇಕಿಲ್ಲ, ಕೆರೆ ಸುತ್ತ ಸುಮ್ನೆ ನಡೆದರೂ ಸಾಕು. ಮಳೆಗಾಲದಲ್ಲಿ ಬಂದವರಿಗೆ ಇಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಜೋರಾಗಿ ಸುರಿದು ನಿಲ್ಲುವ ಮಳೆ ಇದಲ್ಲ, ಬೆಳಗಿನಿಂದ ಸಂಜೆವರೆಗೆ ಒಂದೇ ಸಮನೆ ಜಿನುಗುತ್ತಲೇ ಇರುತ್ತದೆ. ಜುಲೈ, ಆಗಸ್ಟಿನಲ್ಲಿ ಬರುವವರಿಗೆ ಕೊಡೆ ಜೊತೆಗೆ ಒಂದು ಸ್ವೆಟರ್ ಇರಲಿ ಅಂತ ಫೋನಿನಲ್ಲೇ ಹೇಳಿಬಿಡುತ್ತೇನೆ.

ಅಲ್ಲಿಂದ ಕರ್ನಾಟಕ ಕಾಲೇಜು ದೂರವಿಲ್ಲ. 1917ರಲ್ಲಿ ಶುರುವಾದ ಕಾಲೇಜು, ನಮ್ಮ ಬಾಯಲ್ಲಿ ಕೆಸಿಡಿ. ದೊಡ್ಡ ದೊಡ್ಡ ಮರಗಳ ಕೆಳಗೆ ಒಂದು ಸುತ್ತು ಹಾಕಿ ಸಪ್ತಾಪುರದ ಕಡೆ ನಡೆದರೆ ತಿಂಡಿಗೆ ಬೇಕಾದಷ್ಟು ಜಾಗ. ಸಪ್ತಾಪುರದಲ್ಲಿ ಎಲ್ಲಿ ನೋಡಿದರೂ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೆಂಟರು. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಉತ್ತರ ಕರ್ನಾಟಕದ ಎಲ್ಲಾ ಜಿಲ್ಲೆಗಳ ಹುಡುಗರು, ಹುಡುಗಿಯರು ಇಲ್ಲಿ ರೂಮು ಮಾಡಿಕೊಂಡು ಓದುತ್ತಾರೆ. ಅವರ ಜೇಬಿಗೆ ಎಟುಕುವ ಬೆಲೆಯಲ್ಲಿ, ಅವರ ಅವ್ವನ ಅಡುಗೆಗೆ ಹತ್ತಿರದ ರುಚಿಯಲ್ಲಿ ಮಾಡಿಹಾಕುವ ಸಣ್ಣ ಸಣ್ಣ ಖಾನಾವಳಿ, ತಿಂಡಿ ಗಾಡಿಗಳು ಇಲ್ಲಿ ಹುಟ್ಟಿಕೊಂಡಿವೆ. ಬೆಳಿಗ್ಗೆ ನಾನು ಹೇಳುವುದು ಉಪ್ಪಿಟ್ಟು, ಶಿರಾ, ಅಥವಾ ಪಡ್ಡು. ಬೋರ್ಡು ನೋಡಬೇಡಿ, ಹುಡುಗರು ಎಲ್ಲಿ ಜಾಸ್ತಿ ನಿಂತಿದ್ದಾರೆ ನೋಡಿ. ದಿನಾ ಅಲ್ಲೇ ತಿನ್ನುವವರು ಅವರು, ಎಣ್ಣೆ ಕೆಟ್ಟರೆ ಮರುದಿನವೇ ಗಾಡಿ ಬದಲಿಸುತ್ತಾರೆ.

ತಿಂಡಿ ಆದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ. ಹೆಚ್ಚಿನವರು ಹೊರಗಿನಿಂದ ಕಟ್ಟಡ ನೋಡಿ ಫೋಟೋ ತೆಗೆದುಕೊಂಡು ಬರುತ್ತಾರೆ. ಒಳಗೆ ಕನ್ನಡ ಸಂಶೋಧನಾ ಸಂಸ್ಥೆ ಇದೆ, 1939ರಲ್ಲಿ ಶುರುವಾದದ್ದು, ವಿಶ್ವವಿದ್ಯಾಲಯಕ್ಕಿಂತ ಹಳೆಯದು. ಅದರ ವಸ್ತುಸಂಗ್ರಹಾಲಯದಲ್ಲಿ ಈ ಭಾಗದ ಶಿಲ್ಪಗಳು, ವೀರಗಲ್ಲುಗಳು ಇವೆ. ವೀರಗಲ್ಲಿನ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ: ಕೆಳಗೆ ಯುದ್ಧ, ಅದರ ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕೂತ ವೀರ. ಮಕ್ಕಳಿಗೆ ಒಂದು ಸಲ ಹೀಗೆ ಓದಲು ಹೇಳಿಕೊಟ್ಟರೆ ಸಾಕು, ಆಮೇಲೆ ಯಾವ ಹಳ್ಳಿಯಲ್ಲಿ ಕಲ್ಲು ಕಂಡರೂ ಅವರೇ ಓಡಿಹೋಗಿ ಓದುತ್ತಾರೆ. ರಜೆಯ ದಿನ ಇದು ಮುಚ್ಚಿರುತ್ತದೆ, ಹಾಗಾಗಿ ಇದಕ್ಕೆ ಭಾನುವಾರ ಇಟ್ಟುಕೊಳ್ಳಬೇಡಿ.

ಸಂಗೀತ ಇಷ್ಟಪಡುವವರು ಬಂದಿದ್ದರೆ ಮಲ್ಲಿಕಾರ್ಜುನ ಮನ್ಸೂರರ ಮನೆ, ‘ಮೃತ್ಯುಂಜಯ’. ಈಗ ಅದು ಸ್ಮಾರಕ. ಮನ್ಸೂರ ಅನ್ನುವುದು ಧಾರವಾಡದ ಪಕ್ಕದ ಹಳ್ಳಿ, ಅವರು ಹುಟ್ಟಿದ ಊರು. ಜಗತ್ತೆಲ್ಲ ಕೇಳಿದ ಹಾಡುಗಾರ ಎಷ್ಟು ಸಾದಾ ಮನೆಯಲ್ಲಿ ಇದ್ದರು ಅಂತ ನೋಡುವುದಕ್ಕಾದರೂ ಹೋಗಬೇಕು. ಬರುವ ಹಿಂದಿನ ರಾತ್ರಿ ಅವರ ಒಂದು ರಾಗ ಕೇಳಿಕೊಂಡು ಬನ್ನಿ ಅಂತ ನಾನು ಹೇಳುತ್ತೇನೆ. ಕೇಳಿ ಬಂದವರು ಆ ಮನೆಯಲ್ಲಿ ನಿಲ್ಲುವ ರೀತಿಯೇ ಬೇರೆ ಇರುತ್ತದೆ.

ಏಪ್ರಿಲ್ ಮೇ ತಿಂಗಳಾಗಿದ್ದರೆ ಕೆಲಗೇರಿ ಕಡೆಗೂ ಹೋಗಿಬರುತ್ತೇವೆ, ಆಪೂಸು ಮಾವಿನ ಹಣ್ಣಿಗೆ. ರತ್ನಾಗಿರಿಯ ಹೆಸರು ಎಲ್ಲರಿಗೂ ಗೊತ್ತು, ಧಾರವಾಡದ ಆಪೂಸು ಗೊತ್ತಿರುವವರು ಕಡಿಮೆ. ಹಣ್ಣನ್ನು ಮೂಸಿ ಆರಿಸಿ, ತೊಟ್ಟಿನ ಹತ್ತಿರ ವಾಸನೆ ಬರಬೇಕು. ಬಣ್ಣ ನೋಡಿ ಮಾತ್ರ ಕೊಳ್ಳಬೇಡಿ.

ಇನ್ನು ಮಧ್ಯಾಹ್ನದ ಊಟ. ಇದಕ್ಕೆ ನಾನು ಬಹಳ ಪ್ರಾಮುಖ್ಯ ಕೊಡುತ್ತೇನೆ. ಹಳೆ ಊರಿನ ಕಡೆ, ಗಾಂಧಿ ಚೌಕ, ಸೂಪರ್ ಮಾರ್ಕೆಟ್ ಸುತ್ತ ಮೊದಲು ಸ್ವಲ್ಪ ಅಡ್ಡಾಡಿಸುತ್ತೇನೆ. ಮಾರ್ಕೆಟ್ಟಿನಲ್ಲಿ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಗೋಣಿ ತಾಟು ಹಾಸಿ ಸೊಪ್ಪು ಹರಡಿಕೊಂಡು ಕೂತಿರುತ್ತಾರೆ. ಮೆಂತೆ, ಪುಂಡಿ, ಕಿರಕಸಾಲಿ, ಹಕ್ಕರಕಿ. ಹಕ್ಕರಕಿ ಬೆಂಗಳೂರಿನವರು ನೋಡಿಯೇ ಇರುವುದಿಲ್ಲ. ಹೊಲದಲ್ಲಿ ತಾನಾಗಿ ಬೆಳೆಯುವ ಸೊಪ್ಪು, ಹಸಿಯಾಗಿ ರೊಟ್ಟಿ ಜೊತೆ ತಿನ್ನುವುದು. ಒಂದು ಸಿವುಡು ಕೊಂಡು, ಊಟಕ್ಕೆ ಕೂತಾಗ ತೊಳೆಸಿಕೊಂಡು ತಾಟಿಗೆ ಹಾಕಿಸಿಕೊಳ್ಳುತ್ತೇನೆ. ಖಾನಾವಳಿಯವರು ಬೇಡ ಅನ್ನುವುದಿಲ್ಲ.

ಬಸಪ್ಪ ಖಾನಾವಳಿ ಹೆಸರುವಾಸಿ, ಹೊರಗಿನಿಂದ ಬಂದವರನ್ನು ಧೈರ್ಯವಾಗಿ ಅಲ್ಲಿಗೆ ಕರೆದುಕೊಂಡು ಹೋಗಬಹುದು. ಆದರೆ ನನ್ನ ಮನಸ್ಸು ಎಳೆಯುವುದು ಮನೆಯ ಪಡಸಾಲೆಯಲ್ಲೇ ನಾಲ್ಕು ಟೇಬಲ್ ಹಾಕಿಕೊಂಡು ನಡೆಸುವ ಲಿಂಗಾಯತ ಖಾನಾವಳಿಗಳ ಕಡೆ. ಅಲ್ಲಿ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುವಷ್ಟು ಹತ್ತಿರ ಕೂರಬೇಕು. ಕುದಿಯುವ ನೀರಿನಲ್ಲಿ ಕಲಸಿದ ಜೋಳದ ಹಿಟ್ಟನ್ನು ಅಂಗೈ ಬುಡದಿಂದ ಚೆನ್ನಾಗಿ ನಾದಿ, ಉಂಡೆ ಮಾಡಿ, ಒಣ ಹಿಟ್ಟು ಹರವಿ ಬಡಿಯುತ್ತಾ ಬಡಿಯುತ್ತಾ ತಿರುಗಿಸುತ್ತಾರೆ. ರೊಟ್ಟಿ ತಾನೇ ತಿರುಗುತ್ತಿದೆ ಅನ್ನಿಸಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಆ ನೀರು ಆರಿದ ಕೂಡಲೇ ಮಗುಚಬೇಕು, ತಡವಾದರೆ ಬಿರುಕು ಬಿಡುತ್ತದೆ. ಆಮೇಲೆ ನೇರ ಉರಿಗೆ ಒಡ್ಡಿದರೆ ಉಬ್ಬುತ್ತದೆ. ಉಬ್ಬಿದ ರೊಟ್ಟಿ ತಾಟಿಗೆ ಬಂದ ಕ್ಷಣದಲ್ಲೇ ಮುರಿಯಬೇಕು, ಒಳಗಿನ ಹಬೆಯಲ್ಲಿ ಜೋಳದ ವಾಸನೆ ಬರುತ್ತದಲ್ಲ, ನವಲಗುಂದದ ಎರೆ ಹೊಲವೇ ಮೂಗಿಗೆ ಬಂದ ಹಾಗೆ.

ಜೊತೆಗೆ ಏನೇನು? ಎಣ್ಣೆಗಾಯಿ ಬದನೆಕಾಯಿ, ಮಡಕಿಕಾಳು ಅಥವಾ ಹೆಸರುಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಚಟ್ನಿಪುಡಿಗೆ ಮೊಸರು ಹಾಕಿ ಕಲಸಿಕೊಳ್ಳಿ, ಎಣ್ಣೆ ಹಾಕಿದರೂ ನಡೆಯುತ್ತದೆ, ಒಣಗಿದ್ದನ್ನೇ ತಿನ್ನಬೇಡಿ. ಮೊದಲ ಸಲ ಬಂದವರು ಒಂದೂವರೆ ರೊಟ್ಟಿಗೇ ಕೈ ತೊಳೆಯಲು ನೋಡುತ್ತಾರೆ. ಬಡಿಸುವ ಅಕ್ಕಾರು ಬಿಡಬೇಕಲ್ಲ. “ಇನ್ನೊಂದ್ ಬಿಸೀದು ತಗೋರಿ, ಇಷ್ಟಕ್ಕ ಯಾಕ ಸಾಕಂತೀರಿ?” ಅಂತ ಕೇಳುತ್ತಲೇ ಹಾಕಿಬಿಟ್ಟಿರುತ್ತಾರೆ. ತಗೊಳ್ಳಿ. ಕೊನೆಗೆ ಒಂದಿಷ್ಟು ಅನ್ನ, ಸಾರು, ಮಜ್ಜಿಗೆ. ಬೆಳಿಗ್ಗೆ ಹೋಗಿದ್ದ ಪಶ್ಚಿಮ ಸೀಮೆಯ ಭತ್ತ, ಈಗ ತಿಂದ ಪೂರ್ವದ ಜೋಳ, ಎರಡೂ ಒಂದೇ ತಾಟಿನಲ್ಲಿ. ನಾನು ಇದನ್ನು ಬಂದವರಿಗೆ ಬಾಯಿಬಿಟ್ಟು ಹೇಳಿಯೇ ಹೇಳುತ್ತೇನೆ.

ಮಾಂಸ ತಿನ್ನುವವರಿಗೆ ಸಾವಜಿ ಊಟ ಇದೆ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ (ಎಸ್‌ಎಸ್‌ಕೆ) ಸಮಾಜದವರ ಅಡುಗೆ, ಖಾರ ನಿಜಕ್ಕೂ ಜಾಸ್ತಿ. ಹುಬ್ಬಳ್ಳಿಯಲ್ಲಿ ಇನ್ನೂ ಚೆನ್ನಾಗಿ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಹಾಗಾಗಿ ಅದನ್ನು ರಾತ್ರಿಗೆ ಇಟ್ಟುಕೊಳ್ಳುತ್ತೇನೆ.

ಊಟದ ನಂತರ ಬಿಸಿಲಲ್ಲಿ ಅಲೆಯುವುದು ಬೇಡ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಇದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಪುಸ್ತಕ, ಮಾತು. ಬೇಂದ್ರೆ, ಕಾರ್ನಾಡರಂಥವರು ಕೂತು ಹರಟಿದ ಜಾಗ. ಅಲ್ಲಿಗೆ ಹೋದವರು ಕನಿಷ್ಠ ಒಂದು ಪುಸ್ತಕವನ್ನಾದರೂ ಕೊಳ್ಳಬೇಕು ಅನ್ನುವುದು ನನ್ನ ಆಗ್ರಹ. ನಾಟಕ, ಉಪನ್ಯಾಸ ಏನಾದರೂ ಇದೆಯಾ ಅಂತ ವಿದ್ಯಾವರ್ಧಕ ಸಂಘದ ಕಡೆಗೂ ಒಂದು ಕಣ್ಣು ಹಾಯಿಸಿ. 1890ರಲ್ಲಿ ಹುಟ್ಟಿದ ಸಂಘ, ಇವತ್ತಿಗೂ ಸಂಜೆಯಾದರೆ ಅಲ್ಲಿ ಏನಾದರೊಂದು ಕಾರ್ಯಕ್ರಮ ಇದ್ದೇ ಇರುತ್ತದೆ, ಯಾರು ಬೇಕಾದರೂ ಹೋಗಿ ಕೂರಬಹುದು.

ಸಂಜೆಯಾಯಿತು ಅಂದರೆ ಗಿರಮಿಟ್ಟು, ಅಂದರೆ ಒಗ್ಗರಣೆಯಲ್ಲಿ ಕಲಸಿದ ಚುರಮುರಿ, ಜೊತೆಗೆ ಮಿರ್ಚಿ ಭಜಿ. ಗಿರಮಿಟ್ಟಿಗೆ ಒಂದೇ ನಿಯಮ: ನಿಮ್ಮ ಕಣ್ಣ ಮುಂದೆ ಕಲಸಬೇಕು. ಉಳ್ಳಾಗಡ್ಡಿ, ಹುಣಸೆ ಹುಳಿ, ಬೆಲ್ಲ, ಅರಿಶಿನ ಹಾಕಿ ಮಾಡಿದ ಒಗ್ಗರಣೆ ಮೊದಲೇ ತಯಾರಿರುತ್ತದೆ, ಅದು ಸರಿ. ಚುರಮುರಿ ಮಾತ್ರ ನೀವು ಹೇಳಿದ ಮೇಲೆ ಬೀಳಬೇಕು. ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಮಾತಾಡುತ್ತಾ ನಿಂತರೆ ಮೆತ್ತಗಾಗುತ್ತದೆ, ಮೊದಲು ತಿನ್ನಿ, ಆಮೇಲೆ ಮಾತು. ಮಿರ್ಚಿ ಬಾಣಲೆಯಿಂದ ನೇರ ತಾಟಿಗೆ ಬರಬೇಕು. ಮೇಲೊಂದು ಅರ್ಧ ಕಪ್ ಚಹಾ.

ಈಗ ಪೇಡೆ. ಲೈನ್ ಬಜಾರಿನ ಠಾಕೂರರ ಹಳೆಯ ಅಂಗಡಿಯ ಮುಂದೆ ಸಾಲು ಇರುತ್ತದೆ, ಮಾಲು ಬೇಗ ಮುಗಿಯುವುದೂ ಉಂಟು, ಹಾಗಾಗಿ ಅವತ್ತಿನ ಸಮಯವನ್ನು ಬೆಳಿಗ್ಗೆಯೇ ಯಾರನ್ನಾದರೂ ಕೇಳಿಟ್ಟುಕೊಳ್ಳುತ್ತೇನೆ. ಪ್ಲೇಗಿನ ಹೊತ್ತಿನಲ್ಲಿ ಉತ್ತರ ಪ್ರದೇಶದ ಉನ್ನಾವದಿಂದ ಬಂದ ಮನೆತನ ಅದು. ಮಿಶ್ರಾ ಪೇಡೆ ಊರಿನ ಎಲ್ಲಾ ಕಡೆ ಸಿಗುತ್ತದೆ, ಅದೂ ಒಳ್ಳೆಯದೇ, ಸಾಲಿನಲ್ಲಿ ನಿಲ್ಲಲಾಗದ ಹಿರಿಯರಿಗೆ ನಾನು ಅದನ್ನೇ ತಂದುಕೊಡುತ್ತೇನೆ. ನನ್ನ ನಾಲಿಗೆಗೆ ಠಾಕೂರರದ್ದು ಹೆಚ್ಚು ಹಿಡಿಸುತ್ತದೆ, ಖೋವಾ ಹುರಿದ ವಾಸನೆ ಅದರಲ್ಲಿ ಎದ್ದು ಕಾಣುತ್ತದೆ. ಖೋವಾವನ್ನು ಸಕ್ಕರೆ ಜೊತೆ ಸಣ್ಣ ಉರಿಯಲ್ಲಿ ಕೈ ಬಿಡದೆ ಕೆದಕುತ್ತಾ ಕಂದು ಬಣ್ಣಕ್ಕೆ ತರುವುದೇ ಇದರ ಗುಟ್ಟು. ಆ ಬಣ್ಣ ಹುರಿದಿದ್ದರಿಂದ ಬರುತ್ತದೆ, ಬೇರೆ ಏನೂ ಹಾಕಿ ಅಲ್ಲ.

ಪೇಡೆಯ ಮಾತು ಎಮ್ಮೆಯ ಮಾತಿಲ್ಲದೆ ಮುಗಿಯುವುದಿಲ್ಲ. ಗೌಳಿಗರು ಸಾಕುವ ಧಾರವಾಡಿ ಎಮ್ಮೆ, ಹಿಂದಕ್ಕೆ ಬಾಗಿದ ಅರ್ಧಚಂದ್ರದಂಥ ಕೊಂಬು. 2021ರಲ್ಲಿ ಇದನ್ನು ದೇಶದ ಎಮ್ಮೆ ತಳಿಗಳ ಪಟ್ಟಿಗೆ ಸೇರಿಸಿದರು. ನಮ್ಮ ಕಡೆಯವರಿಗೆ ಅದಕ್ಕೂ ಎಷ್ಟೋ ಮುಂಚಿನಿಂದ ಅದರ ಹಾಲು, ಮೊಸರಿನ ಬೆಲೆ ಗೊತ್ತಿತ್ತು. ಮಧ್ಯಾಹ್ನ ತಾಟಿನಲ್ಲಿದ್ದ ಗಟ್ಟಿ ಮೊಸರು, ಸಂಜೆಯ ಚಹಾದ ಹಾಲು, ಈಗ ಕೈಯಲ್ಲಿರುವ ಪೇಡೆ, ಮೂರಕ್ಕೂ ಎಮ್ಮೆ ಹಾಲೇ ಬೇಕು. ಮಕ್ಕಳು ಜೊತೆಗಿದ್ದರೆ ಗೌಳಿ ಗಲ್ಲಿಯ ಕಡೆ ಹೋಗಿ ಎಮ್ಮೆ ತೋರಿಸಿಯೇ ಪೇಡೆ ಕೊಡಿಸುತ್ತೇನೆ. ಮನೆಗೆ ಒಯ್ಯುವವರಿಗೆ ಒಂದು ಮಾತು: ಡಬ್ಬಿಯನ್ನು ಕಾರಿನ ಬಿಸಿಲಲ್ಲಿ ಬಿಡಬೇಡಿ, ಫ್ರಿಜ್ಜಿಗೂ ತುರುಕಬೇಡಿ, ತಂಪು ಜಾಗದಲ್ಲಿಟ್ಟು ಕೆಲವು ದಿನಗಳಲ್ಲಿ ತಿಂದು ಮುಗಿಸಿ.

ರಾತ್ರಿ ಉಳಿಯುವವರಿದ್ದರೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ. ಸುಮಾರು 20 ಕಿಲೋಮೀಟರ್, ಎಸಿ ಬಸ್ಸು, ಹೆಚ್ಚಿನ ದಾರಿಗೆ ತನ್ನದೇ ಲೇನು, ಟ್ರಾಫಿಕ್ಕಿನ ಚಿಂತೆ ಕಡಿಮೆ. ಬೆಳಕಿದ್ದರೆ ಉಣಕಲ್ಲಿನಲ್ಲಿ ಇಳಿದು ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ನೋಡಿ, ನಾಲ್ಕೂ ದಿಕ್ಕಿಗೆ ಬಾಗಿಲಿರುವ ಗುಡಿ ಅದು, ಸುತ್ತ ಮನೆಗಳ ನಡುವೆ ಇರುವುದರಿಂದ ಕೇಳಿಕೊಂಡೇ ಹೋಗಬೇಕು. ಆಮೇಲೆ ದುರ್ಗದಬೈಲು, ಸಂಜೆ ತಿಂಡಿ ಗಾಡಿಗಳ ಜಾಗ. ಸಾವಜಿ ಬೇಕಾದವರು ಅಲ್ಲಿಂದ ಮುಂದೆ ಹೋಗಬಹುದು. ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡಿದ್ದರೆ ಮಾತ್ರ.