ಶಾಪ ಕೇಳಿಸಿಕೊಂಡ ಕಾಲಾಳು

ತಲಕಾಡಿನ ಶಾಪ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ. ಇದನ್ನಿಟ್ಟುಕೊಂಡು ಫ್ಯಾಂಟಸಿ ಕಾದಂಬರಿ ಬರೆಯೋಣ ಅಂತ ಹೊರಟೆ. ಮೊದಲು ಶಾಪ ಹಾಕಿದ ಅಲಮೇಲಮ್ಮನ ಬಗ್ಗೆಯೇ 40 ಪುಟ ಬರೆದೆ. ಓದಿ ನೋಡಿದರೆ ಜೀವವೇ ಇರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನೇ ಸುಮ್ನೆ ಮತ್ತೆ ಹೇಳಿದ್ದೆ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜ ತಲಕಾಡು ಸೇರಿದ. ಮುಂದಿನದು ಐತಿಹ್ಯ. ಅವನ ಹೆಂಡತಿ ಅಲಮೇಲಮ್ಮನ ಒಡವೆಗಳನ್ನು ಮಂಗಳವಾರ, ಶುಕ್ರವಾರ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದರು. ಅವನ್ನು ತರಲು ದೊರೆ ಆಳು ಕಳಿಸಿದರು. ಆಕೆ ಮುತ್ತಿನ ಮೂಗುತಿ ಒಂದನ್ನು ಮಾತ್ರ ಕೊಟ್ಟಳು. ಆಳುಗಳು ಮತ್ತೆ ಬಂದಾಗ ಉಳಿದ ಒಡವೆಯನ್ನು ಮಡಿಲಿಗೆ ಕಟ್ಟಿಕೊಂಡು, ಶಾಪ ಹಾಕಿ, ಮಾಲಂಗಿಯ ಹತ್ತಿರ ಕಾವೇರಿಗೆ ಹಾರಿದಳು.

‘ಆಳು ಕಳಿಸಿದರು’ ಅನ್ನುವ ಮಾತಿನ ಮೇಲೆ ಒಂದು ರಾತ್ರಿ ನನ್ನ ಕಣ್ಣು ನಿಂತುಬಿಟ್ಟಿತು. ಯಾರು ಆ ಆಳು? ಶಾಪದಲ್ಲಿ ಊರಿದೆ, ಮಡುವಿದೆ, ದೊರೆಯಿದ್ದಾರೆ. ಅಟ್ಟಿಸಿಕೊಂಡು ಹೋದವನೇ ಇಲ್ಲ. ಆದರೆ ಆ ಮಾತನ್ನು ಕಿವಿಯಾರೆ ಕೇಳಿದವನು ಅವನೇ ಅಲ್ವಾ?

ನನ್ನ ಕಥೆಯ ರಾಜ್ಯ ಕಲ್ಪನೆಯದು, ಹೆಸರುಗಳೂ ಬೇರೆ. ಆದರೂ ಶಾಪಕ್ಕೊಂದು ಕಟ್ಟಳೆ ಬೇಕಿತ್ತು. ಹೇಗೆ ಬೇಕಾದರೂ ಕೆಲಸ ಮಾಡುವ ಶಾಪಕ್ಕೆ ಓದುಗ ಹೆದರುವುದಿಲ್ಲ. ಎರಡು ತಿಂಗಳು ತಿಣುಕಿದ ಮೇಲೆ ಸಿಕ್ಕಿದ್ದು ಇದು: ಶಾಪ ದೊರೆಯ ಕಿವಿಗೆ ಬಿದ್ದರೆ ಮಾತ್ರ ದೊರೆಗೆ ತಟ್ಟುತ್ತದೆ. ಅಲ್ಲಿಯವರೆಗೆ ಕೇಳಿದವನ ಬೆನ್ನಿಗೇ ಇರುತ್ತದೆ. ಕಾಲಾಳು ಬಾಯಿ ಬಿಟ್ಟರೆ ಒಡೆಯನ ವಂಶ ಹೋಯಿತು. ಬಿಡದಿದ್ದರೆ ಅವನ ಮನೆಯೇ ಮರಳು.

ಆ ಮರಳು ಹೇಗೆ ಬರಬೇಕು ಅನ್ನುವುದನ್ನು ತಲಕಾಡಿಗೇ ಹೋಗಿ ಕಲಿತೆ. ಕಾವೇರಿ ಅಲ್ಲಿ ತಿರುವು ತೆಗೆದುಕೊಳ್ಳುತ್ತಾಳೆ. ಹೊಳೆ ಬಿಟ್ಟ ಮರಳನ್ನು ಗಾಳಿ ಊರಿನ ಮೇಲೆ ತಂದು ಸುರಿದಿದೆ. ಪಾತಾಳೇಶ್ವರನನ್ನು ನೋಡಲು ಮರಳಿನ ನಡುವೆ ಕೆಳಗಿಳಿಯಬೇಕು. ಇಷ್ಟು ದೊಡ್ಡ ಗುಡಿಗಳು ಒಂದೇ ದಿನಕ್ಕೆ ಹೂತುಹೋಗಿರಲು ಸಾಧ್ಯವಿಲ್ಲ ಅಂತ ಅಲ್ಲಿ ನಿಂತಾಗ ಮೈಗೇ ಗೊತ್ತಾಯಿತು. ವಾಪಸ್ ಬಂದು, ಒಂದೇ ರಾತ್ರಿಯಲ್ಲಿ ಮನೆ ಮುಚ್ಚಿಹೋಗುವ ಅಧ್ಯಾಯವನ್ನು ತೆಗೆದುಹಾಕಿದೆ. ತುಂಬ ಇಷ್ಟಪಟ್ಟು ಬರೆದಿದ್ದ ಅಧ್ಯಾಯ ಅದು.

ಅಜ್ಜಿಗೆ ಕಥೆ ಹೇಳಿದೆ. ಪೂರ್ತಿ ಕೇಳಿ, “ಅಲ್ಲ ಮಗಾ, ಅವನ ಹೆಂಡ್ತಿಗೆ ಗೊತ್ತಾ ಇದು?” ಅಂದರು. ಅವನಿಗೆ ಹೆಂಡತಿ ಇರಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ. ಈಗ ಮರಳು ಮೊದಲು ಕಾಣಿಸುವುದು ಅವಳಿಗೆ. ರಾಗಿ ಮುದ್ದೆ ನುಂಗುವಾಗ ಗಂಟಲಲ್ಲಿ ಕಿರುಗುಡುತ್ತದೆ. ಹಿಟ್ಟು ಸರಿಯಾಗಿ ಜರಡಿ ಹಿಡಿಯಲಿಲ್ಲ ಅಂತ ಅತ್ತೆ ಬೈಯುತ್ತಾಳೆ. ಆಮೇಲೆ ನೀರಿನ ಗಡಿಗೆಯ ತಳದಲ್ಲಿ, ಆಮೇಲೆ ತೊಟ್ಟಿಲಲ್ಲಿ. ಗಂಡನ ಸೊಂಟದ ಬಟ್ಟೆಯಲ್ಲಿ ಮೂಗುತಿ ಸಿಕ್ಕಿದ ದಿನ ಅವಳು ಒಂದೇ ಮಾತು ಕೇಳುತ್ತಾಳೆ: “ಯಾರದು ಇದು?”

ಅವಳ ಆ ಪ್ರಶ್ನೆಯಿಂದಲೇ ನನಗೆ ಕೊನೆ ಸಿಕ್ಕಿತು. ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ವಿಗ್ರಹಕ್ಕೆ ಪೂಜೆಯಿದೆ, ಹೆಸರು ಉಳಿದಿದೆ. ನನ್ನ ದೊರೆಗೆ ತಾನು ಕಳೆದುಕೊಂಡ ಒಡವೆಗಳ ಪಟ್ಟಿ ಬಾಯಿಪಾಠ. ಕಾಲಾಳು ಅರಮನೆಗೆ ಹೋಗುತ್ತಾನೆ. ಶಾಪ ಹೇಳುವ ಮೊದಲು ಅದನ್ನು ಹಾಕಿದವಳ ಹೆಸರು ಹೇಳುತ್ತಾನೆ. ದೊರೆ ಪಕ್ಕದವನ ಕಡೆ ತಿರುಗಿ, “ಯಾರು ಅದು?” ಅಂತ ಕೇಳುತ್ತಾನೆ.