ಪುಡಿ ಬಿಟ್ಟ ಮೇಲೆ ರೆಪ್ಪೆ ಸರಿಹೋಯಿತು

ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲದ ಗುಣ ನಿಮಗೆಲ್ಲ ಗೊತ್ತು. ಅದರ ಕಷಾಯವನ್ನು ರೆಪ್ಪೆಯ ಊತಕ್ಕೆ ಬಳಸಲು ಹೋಗಿ ನಾನು ಎಲ್ಲಿ ಎಡವಿದೆ ಅನ್ನೋದನ್ನು ಹೇಳುತ್ತೇನೆ.

ಮೂರು ವರ್ಷ ನನ್ನ ರೆಪ್ಪೆಯ ಅಂಚು ಕೆಂಪಗೆ ಊದಿಕೊಂಡೇ ಇತ್ತು. ಬೆಳಿಗ್ಗೆ ಎದ್ದರೆ ರೆಪ್ಪೆಗೂದಲ ಬುಡದಲ್ಲಿ ತಲೆಹೊಟ್ಟಿನಂಥ ಹೊಟ್ಟು. ನಾರುಬೇರಿನ ಮದ್ದು ಕೊಡುವವನ ಕಣ್ಣೇ ಹೀಗಿದ್ದರೆ ಯಾರು ಬರ್ತಾರೆ?

ಮೊದಲು ಅಂಗಡಿಯ ತ್ರಿಫಲ ಪುಡಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಕಣ್ಣನ್ನೇ ತೊಳೆದೆ. ಪುಡಿ ಎಷ್ಟು ನಯ ಅಂದರೆ ಬಟ್ಟೆ ದಾಟಿ ಬಂತು. ಎರಡು ದಿನ ಕಣ್ಣಲ್ಲಿ ಮರಳು ಹೊಕ್ಕ ಹಾಗೆ. ಪುಡಿಗೆ ಕೊಟ್ಟದ್ದು ತೊಂಬತ್ತೋ ನೂರೋ ರೂಪಾಯಿ, ಕಣ್ಣಿನ ಡಾಕ್ಟರಿಗೂ ಡ್ರಾಪ್ಸಿಗೂ ಸುಮಾರು 1,200. ಅವರು ಬೈದದ್ದು ಬೇರೆ. "ಒಳಗೆ ಏನೂ ಹಾಕಬೇಡಿ, ಮುಚ್ಚಿದ ರೆಪ್ಪೆಗೆ ಬಿಸಿ ಶಾಖ ಕೊಡಿ" ಅಂದರು. ಆ ಮಾತು ಹಿಡಿದುಕೊಂಡೆ.

ಎರಡನೇ ಸಲ ಇಡೀ ಕಾಯಿ ತಂದು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದೆ. ಕಷಾಯ ಅಲ್ಲ, ಮಸಿ! ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದರು ಅಂತ ಗೊತ್ತಿದ್ದೂ ಬಾಣಲೆ ಇಟ್ಟವನು ನಾನು. ಎರಡು ಟವೆಲ್ ಹಾಳು. ರೆಪ್ಪೆಯ ಮೇಲೂ ನಾಲ್ಕು ದಿನ ಕಪ್ಪು.

ಆಮೇಲೆ ಸ್ಟೀಲ್ ಪಾತ್ರೆ. ಗ್ರಂಧಿಗೆ ಅಂಗಡಿಯ ಒಣ ಕಾಯಿ, ಬೀಜ ತೆಗೆದು ನುಚ್ಚಿನಷ್ಟು ದಪ್ಪಕ್ಕೆ ಕುಟ್ಟಿ ರಾತ್ರಿ ನೆನೆಹಾಕಿದೆ. ಒಂದು ಪಾಲು ಕಾಯಿಗೆ ಎಂಟು ಪಾಲು ನೀರು, ಅದು ಕುದಿದು ಎರಡು ಪಾಲಿಗೆ ಇಳಿಯಬೇಕು. ಸೋಸಿದ್ದು ಬಟ್ಟೆಯಲ್ಲಿ, ಆಮೇಲೆ ಕಾಫಿ ಸೋಸುವ ಕಾಗದದಲ್ಲಿ. ಅಂಗಡಿಯವನು ನಕ್ಕ. ಆದರೆ ಲೋಟದ ತಳದಲ್ಲಿ ಒಂದು ಕಣವೂ ಇರಲಿಲ್ಲ. ಉಗುರುಬೆಚ್ಚಗಿಂತ ಸ್ವಲ್ಪ ಬಿಸಿ ಇರುವಾಗ ಅದರಲ್ಲಿ ಬಟ್ಟೆ ಅದ್ದಿ ಹಿಂಡಿ, ಮುಚ್ಚಿದ ಕಣ್ಣ ಮೇಲೆ ಹತ್ತು ನಿಮಿಷ. ಆಮೇಲೆ ರೆಪ್ಪೆಯಂಚನ್ನು ಮೆಲ್ಲಗೆ ಒರೆಸುವುದು. ದಿನಕ್ಕೆ ಎರಡು ಸಲ. ಬಟ್ಟೆಯ ಬಿಸಿ ಹತ್ತು ನಿಮಿಷ ಆರದಂತೆ ಇಡೋದಕ್ಕೆ ನನ್ನದೊಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಸಂಜೆಗೆ ಉಳಿದದ್ದನ್ನು ಗಿಡಕ್ಕೆ ಸುರಿಯಿರಿ, ಮರುದಿನಕ್ಕೆ ಇಡಬೇಡಿ.

ಮೂರನೇ ವಾರಕ್ಕೆ ರೆಪ್ಪೆಯ ಹೊಟ್ಟು ಕಡಿಮೆಯಾಯಿತು. ಒಂದೂವರೆ ತಿಂಗಳಿಗೆ ರೆಪ್ಪೆ ತಿಳಿಯಾಯಿತು.

"ಅದು ಬರೀ ಬಿಸಿನೀರಿನ ಕೆಲಸ" ಅಂತ ಗೆಳೆಯನ ವಾದ. ಮುಂದಿನ ಸಲ ಮತ್ತೆ ಕೆರಳಿದಾಗ ಬಲಗಣ್ಣಿಗೆ ಕಷಾಯ, ಎಡಗಣ್ಣಿಗೆ ಸುಮ್ನೆ ಬಿಸಿನೀರು, ಹದಿನೈದು ದಿನ. ಬಲಗಣ್ಣು ಬೇಗ ತಿಳಿಯಾಯಿತು ಅಂತ ನನಗೆ ಕಂಡಿತು. ಹೆಂಡತಿಗೆ ಎರಡೂ ಒಂದೇ ಥರ ಕಂಡಿತು. ಮುಕ್ಕಾಲು ಪಾಲು ಶಾಖದ್ದೇ ಇರಬಹುದು, ಉಳಿದ ಕಾಲು ನಾನು ಬಿಟ್ಟುಕೊಡಲ್ಲ.

ನಂದಿಬಟ್ಟಲು ಹೂವನ್ನೂ ಕಣ್ಣ ಮೇಲೆ ಇಟ್ಟು ನೋಡಿದೆ. ತೊಟ್ಟಿನ ಹಾಲು ರೆಪ್ಪೆಗೆ ತಾಗಿ ಉರಿದದ್ದೇ ಲಾಭ.

2023ರ ಮಳೆಗಾಲದಲ್ಲಿ ಕೆಂಗಣ್ಣು ಊರೂರಿಗೆ ಹಬ್ಬಿದಾಗ ಕಷಾಯ ಕೇಳಿಕೊಂಡು ಜಾಸ್ತಿ ಜನ ಬಂದರು. ಯಾರಿಗೂ ಕೊಡಲಿಲ್ಲ. ಅದು ಅಂಟುರೋಗ, ರೆಪ್ಪೆಯ ತೊಂದರೆ ಅಲ್ಲ. ನೋವು ಜೋರಿದ್ದವರನ್ನು, ಬೆಳಕು ನೋಡಲಾಗದವರನ್ನು, ದೃಷ್ಟಿ ಮಂಜಾದವರನ್ನು ಆವತ್ತೇ ಡಾಕ್ಟರ ಹತ್ತಿರ ಅಟ್ಟಿದೆ. ಆ ವಾರ ಮನೆಗೆ ಒಂದು ಪೈಸೆ ಬರಲಿಲ್ಲ.